ಮಧುಮತಿ ಬರೆದ ಸಾಲು ಎಲ್ಲಿ ಹೋಯಿತು?

ಹೆಣ್ಣು ನೋಡಲು ಬರುತ್ತಾರೆ ಅಂದರೆ ಆ ಮನೆಯವರ ಪಾಡು ಏನಾಗಿರುತ್ತದೆ ಅಂತ ನಿಮಗೆ ಬೇರೆ ಹೇಳಬೇಕೆ? ಬಿಟಿಎಂ ಲೇಔಟ್‌ನ ಆ ಬಾಡಿಗೆ ಮನೆಯಲ್ಲಿ ಭಾನುವಾರ ಬೆಳಕು ಹರಿಯುವ ಮೊದಲೇ ತಂಗೆವ್ವ ಒಲೆ ಹಚ್ಚಿದ್ದರು. ಬೇಸನ್ ಉಂಡಿ, ಒಗ್ಗರಣೆ ಅವಲಕ್ಕಿ, ಮಿರ್ಚಿ ಭಜಿ. ಪಕ್ಕದ ಮನೆಯಿಂದ ಕುರ್ಚಿಗಳೂ ಬಂದಿದ್ದವು. ಮಗಳು ಮಧುಮತಿಗೆ ಈ ಸಂಭ್ರಮವೇ ಬೇಡವಾಗಿತ್ತು. ಆದರೂ ಅವ್ವನ ಮುಖ ನೋಡಿ ಸುಮ್ಮನೆ ಸೀರೆ ಉಟ್ಟುಕೊಂಡಿದ್ದಳು.

ಈ ಸಂಬಂಧ ತೋರಿಸಿಕೊಟ್ಟವರು ಜಯನಗರದ ಸೀತಾಲಕ್ಷ್ಮಿ. ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದು ನಿವೃತ್ತರಾದವರು. ಪದ್ಮನಾಭನಗರದ ಮಹಿಳಾ ಸಂಘವೊಂದರಲ್ಲಿ ವಧೂವರರ ಮಾಹಿತಿ ಕೇಂದ್ರ ನಡೆಸುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಹುಡುಗ ಹುಡುಗಿಯರು ತಮ್ಮ ವಿವರ ಬರೆದು ಇಮೇಲ್ ಮಾಡುತ್ತಾರೆ, ಇವರು ಅದನ್ನು ಒಪ್ಪವಾಗಿ ಬರೆದು ಹೊಂದುವ ಮನೆಯವರಿಗೆ ಕಳಿಸುತ್ತಾರೆ. ತಮ್ಮ ಕೆಲಸದ ಮೇಲೆ ಅವರಿಗೆ ಬಹಳ ಹೆಮ್ಮೆ. ಅವತ್ತೂ ಆಟೋ ಮಾಡಿಕೊಂಡು ತಾವೇ ಬಂದು, ನಡುವಿನ ಕುರ್ಚಿಯಲ್ಲಿ ಕೂತಿದ್ದರು.

ಹುಡುಗ ಸುಭಾಷ್ ಜೆಪಿ ನಗರದ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದವನು. ಅವನ ಜೊತೆ ಬಂದಿದ್ದವರು ಸೋದರಮಾವ ದುಂಡಪ್ಪ. ಮಾತಿನ ಮನುಷ್ಯ. ಒಂದು ಉಂಡಿ ಮುಗಿಸಿ, ಇನ್ನೊಂದಕ್ಕೆ ಕೈ ಹಾಕುತ್ತ ಕೇಳಿದರು.

"ಹುಡುಗಿ ಭಾಳ ಶಾಣ್ಯಾ ಅದಾಳ್ರಿ ತಂಗೆವ್ವ. ಇಷ್ಟ ದಿನಾ ಯಾಕ ಮದುವಿ ಮಾಡಿರಲಿಲ್ಲ?"

ತಂಗೆವ್ವ ಸೀತಾಲಕ್ಷ್ಮಿಯವರ ಮುಖ ನೋಡಿದರು. ಸೀತಾಲಕ್ಷ್ಮಿ ನಗುತ್ತ ಕೂತಿದ್ದರು, ಅವರಿಗೆ ಏನೂ ಹೊಳೆಯಲಿಲ್ಲ. ಮಧುಮತಿಯೇ ಚಹಾದ ತಟ್ಟೆ ಕೆಳಗಿಟ್ಟು ನೇರವಾಗಿ ಹೇಳಿದಳು.

"ಮಾಡಿದ್ರಲ್ರೀ ಕಾಕಾ. ಅದನ್ನೆಲ್ಲ ಬರದ ಕೊಟ್ಟೀನಲ್ಲ? ಮದುವಿ ಆಗಿತ್ತು, ಕೋರ್ಟಿನ್ಯಾಗ ವಿಚ್ಛೇದನಾನೂ ಆಗೇತಿ. ಅದಕ್ಕ ಒಪ್ಪಿದವರು ಅಷ್ಟ ಬರ್ರಿ ಅಂತ ಬರದಿದ್ದೆ."

ದುಂಡಪ್ಪ ಧಡಕ್ಕನೆ ಎದ್ದು ನಿಂತರು. "ಏನಂದಿ? ಒಂದ್ ಮದುವಿ ಆಗೇತಿ? ಮುಚ್ಚಿಟ್ಟು ನಮ್ಮ ಹುಡುಗನ ಕೊಳ್ಳಿಗೆ ಕಟ್ಟಾಕ ಹೊಂಟಿದ್ರೇನು?"

"ಮುಚ್ಚಿಟ್ಟಿಲ್ರೀ! ಮೇಡಂ, ನೀವ ಹೇಳ್ರಿ!"

"ಹೌದು ಸಾರ್, ಹುಡುಗಿ ಎಲ್ಲಾ ಬರೆದುಕೊಟ್ಟಿದ್ಲು," ಅಂದರು ಸೀತಾಲಕ್ಷ್ಮಿ. "ನಾನೇ ನಿಮಗೆ ಕಳಿಸಿದೀನಲ್ಲ."

ದುಂಡಪ್ಪ ಫೋನ್ ತೆಗೆದು ಅವರ ಮೂಗಿನ ಹತ್ತಿರ ಹಿಡಿದರು. "ಇದನ್ನ ನೀವ ಕಳಿಸಿದ್ದು. ಓದ್ರಿ ಎಲ್ರಿಗೂ ಕೇಳೂವಂಗ."

ಸೀತಾಲಕ್ಷ್ಮಿ ಕನ್ನಡಕ ಸರಿಮಾಡಿಕೊಂಡು ಓದಿದರು. "ಸುಸಂಸ್ಕೃತ ಕುಟುಂಬದ, ಸೌಮ್ಯ ಸ್ವಭಾವದ, ಗೃಹಕೃತ್ಯಗಳಲ್ಲಿ ನಿಪುಣೆಯಾದ ಮಧುಮತಿ ಬಾಳಸಂಗಾತಿಯ ನಿರೀಕ್ಷೆಯಲ್ಲಿದ್ದಾರೆ..." ಮುಂದೆ ಓದಿದರು, ಮತ್ತೆ ಮೇಲಿಂದ ಓದಿದರು. ವಿಚ್ಛೇದನದ ಮಾತು ಎಲ್ಲೂ ಇರಲಿಲ್ಲ. ಕೆಳಗೆ ಮಾತ್ರ ಅವರ ಹೆಸರು ಠೀಕಾಗಿ ಇತ್ತು.

"ಗೃಹಕೃತ್ಯ?" ಮಧುಮತಿಯ ದನಿ ಏರಿತು. "ನನಗ ಅಡಿಗಿ ಬರಂಗಿಲ್ಲ ಅಂತ ಬರದಿದ್ದೆನಲ್ರೀ! ಇದನ್ನೆಲ್ಲ ಯಾರು ಸೇರಿಸಿದ್ರು?"

ಸುಭಾಷ್ ಮೆಲ್ಲಗೆ "ಮಾಮಾ, ಕುಂದರ್ರಿ" ಅಂದ. ಮಾಮಾ ಕೂರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲು ಇಳಿಯುವವರೆಗೂ ಬೈಯುತ್ತಲೇ ಹೋದರು. ಸುಭಾಷ್ ತಲೆ ತಗ್ಗಿಸಿಕೊಂಡು ಹಿಂದೆಯೇ ಹೋದ. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ತಂಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

"ನಾನು ನಿನ್ನ ಮಾತು ತೆಗೆದಿಲ್ಲಮ್ಮ, ದೇವರಾಣೆ," ಅಂದರು ಸೀತಾಲಕ್ಷ್ಮಿ. "ಇಂಟರ್ನೆಟ್‌ನಲ್ಲಿ ಏನೋ ಎಡವಟ್ಟಾಗಿದೆ."

"ಇಂಟರ್ನೆಟ್‌ಗೆ ನನ್ನ ಮ್ಯಾಲ ಏನ್ ಸಿಟ್ಟೈತ್ರೀ ಮೇಡಂ?" ಅಂದಳು ಮಧುಮತಿ. "ಗಂಡನ್ನ ಬಿಟ್ಟಾಕಿ ಅನ್ನಿಸ್ಕೊಂಡಾಗ ನನಗ ಏನೂ ಅನಿಸಲಿಲ್ಲ. ಈಗ ಸುಳ್ಳಿ ಅನ್ನಿಸ್ಕೊಂಡೆ. ಅದೂ ಖರೇ ಬರದಕೊಟ್ಟು!"

ಸೀತಾಲಕ್ಷ್ಮಿ ಆಟೋ ಹತ್ತಿದಾಗ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದು ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ. ಇವತ್ತು ಯಾರದೋ ಮನೆಯಲ್ಲಿ ಕಳ್ಳಿಯ ಹಾಗೆ ನಿಲ್ಲಬೇಕಾಯಿತು. ಯಾರೋ ತನ್ನ ಅಕೌಂಟಿಗೇ ಕನ್ನ ಹಾಕಿದ್ದಾರೆ, ಪೊಲೀಸ್ ಕಂಪ್ಲೇಂಟ್ ಕೊಡದೆ ಬಿಡುವುದಿಲ್ಲ ಅಂತ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದರು. ಮನೆಗೆ ಹೋಗಿ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಕ್ರಾಸಿನ ಹಂಸಾ ಮನೆಯ ಬಾಗಿಲು ತಟ್ಟಿದರು. ಹಂಸಾ ಹಳೆಯ ಗೆಳತಿ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು.

"ಹಂಸಾ, ನನ್ನ ಇಮೇಲ್ ಹ್ಯಾಕ್ ಆಗಿದೆ ಕಣೇ!"

"ಕೂತ್ಕೋ ಮೊದಲು. ನೀರು ಕುಡಿ." ಹಂಸಾ ಕಥೆಯೆಲ್ಲ ಕೇಳಿ ಲ್ಯಾಪ್‌ಟಾಪ್ ತೆರೆದರು. ಮಧುಮತಿ ಬರೆದು ಕಳಿಸಿದ್ದ ಇಮೇಲ್ ಇತ್ತು. ವಿಚ್ಛೇದನದ ಸಾಲು ಅದರಲ್ಲಿ ಮೊದಲನೆಯದೇ. ಸೀತಾಲಕ್ಷ್ಮಿ ದುಂಡಪ್ಪನವರಿಗೆ ಕಳಿಸಿದ್ದೂ ಇತ್ತು. ಅದರಲ್ಲಿ ಆ ಸಾಲು ಇರಲಿಲ್ಲ.

"ಯಾರೂ ಕನ್ನ ಹಾಕಿಲ್ಲ. ನಿನ್ನ ಲ್ಯಾಪ್‌ಟಾಪಿಂದಲೇ ಹೋಗಿದೆ. ಈ ಮೂಲೇಲಿ ನೇರಳೆ ಬಣ್ಣದ ಗುಂಡಿ ಇದ್ಯಲ್ಲ, ಏನಿದು?"

"ಅದಾ? ಎಐ ಎಕ್ಸ್‌ಟೆನ್ಷನ್ನು. ಬ್ರೌಸರ್‌ಗೆ ಸೇರಿಸ್ಕೊಂಡಿದೀನಿ. ಅದು ನನ್ನ ಬಲಗೈ ಕಣೇ! ಇಂಗ್ಲಿಷ್‌ನಲ್ಲಿ ಬಂದಿದ್ದನ್ನ ಕನ್ನಡ ಮಾಡುತ್ತೆ. ಉದ್ದುದ್ದ ಇಮೇಲ್ ಬಂದ್ರೆ ನಾಲ್ಕು ಸಾಲಲ್ಲಿ ಹೇಳುತ್ತೆ. ಮುಂಚೆ ವಾರವೆಲ್ಲಾ ಕೂತು ಬರೀತಿದ್ದೆ, ಬೆನ್ನು ಬಿದ್ದುಹೋಗ್ತಿತ್ತು. ಈಗ ಕಾಫಿ ಮುಗಿಯೋದ್ರೊಳಗೆ ಕೆಲಸ ಮುಗಿದಿರುತ್ತೆ."

"ಸಂತೋಷ. ನಾನೂ ಬಳಸ್ತೀನಿ, ಸುತ್ತೋಲೆ ಓದೋಕೆ, ಪ್ರಶ್ನೆಪತ್ರಿಕೆ ತಯಾರು ಮಾಡೋಕೆ. ಈ ವಧೂವರರ ವಿವರ ಬರೆಯೋಕೆ ಇದಕ್ಕೆ ಏನಂತ ಹೇಳಿಟ್ಟಿದೀಯ?"

"ಚಿಕ್ಕದಾಗಿ, ಆಕರ್ಷಕವಾಗಿ ಮಾಡು ಅಂತ. ಒಂದ್ಸಲ ಹೇಳಿಟ್ಟುಬಿಟ್ಟಿದೀನಿ, ಎಲ್ಲರದ್ದೂ ಹಾಗೇ ಬರುತ್ತೆ."

"ಕಳಿಸೋ ಮುಂಚೆ ಓದ್ತೀಯಾ?"

ಸೀತಾಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಮೊದಮೊದಲು ಓದ್ತಿದ್ದೆ. ಸಖತ್ತಾಗಿ ಬರೀತಿತ್ತು. ಆಮೇಲೆ..."

"ಆಮೇಲೆ ಬಿಟ್ಟೆ."

"ಅಲ್ಲ ಕಣೇ, ಮಿಷನ್ನು ಯಾಕೆ ಸುಳ್ಳು ಹೇಳುತ್ತೆ? ಅದಕ್ಕೇನು ಲಾಭ? ನಾನು ನಂಬಲ್ಲ, ಇದು ಬೇರೆ ಯಾರದೋ ಕಿತಾಪತಿ."

"ನಂಬಬೇಡ. ನೀನೇ ಒತ್ತಿ ನೋಡು."

ಹಂಸಾ ಮಧುಮತಿಯ ಬರಹದ ಹೊಸ ಪ್ರತಿಯಲ್ಲಿ ಅವಳ ಹೆಸರು, ಊರು, ಫೋನ್ ನಂಬರ್ ಎಲ್ಲ ಅಳಿಸಿ, ಬರೀ ಮಾತು ಉಳಿಸಿ ಲ್ಯಾಪ್‌ಟಾಪ್ ತಿರುಗಿಸಿದರು. ಸೀತಾಲಕ್ಷ್ಮಿ ಗುಂಡಿ ಒತ್ತಿದರು. ಕಣ್ಣೆದುರಿಗೇ ಪುಟ ಬದಲಾಯಿತು. ಈ ಸಲ "ಮೃದುಭಾಷಿ" ಬಂತು, "ಹಿರಿಯರಲ್ಲಿ ಗೌರವವುಳ್ಳ" ಬಂತು. ವಿಚ್ಛೇದನದ ಸಾಲು ಮತ್ತೆ ಇಲ್ಲ. ಅಡುಗೆ ಬಾರದ ಹುಡುಗಿ ಮತ್ತೆ ನಿಪುಣೆ.

"ಅಯ್ಯೋ, ಇದರ ಸೊಕ್ಕೇ!" ಸೀತಾಲಕ್ಷ್ಮಿ ಕುರ್ಚಿಯಿಂದ ಎದ್ದೇಬಿಟ್ಟರು. "ನನ್ನ ಮುಂದೇನೇ ಅಳಿಸ್ತಲ್ಲೇ! ಆ ಹುಡುಗಿ ಎಷ್ಟು ಧೈರ್ಯ ಮಾಡಿ ಬರೆದಿದ್ಲು ಗೊತ್ತಾ? ಅದನ್ನ ಒರೆಸಿ ಹಾಕೋಕೆ ಇದ್ಯಾರು?"

"ಅದಕ್ಕೆ ಸೊಕ್ಕೂ ಇಲ್ಲ, ಭಯಾನೂ ಇಲ್ಲ. ಆಕರ್ಷಕ ಮಾಡು ಅಂದೆ, ಮಾಡ್ತು. ಚೆನ್ನಾಗಿಲ್ಲ ಅನ್ನಿಸಿದ್ದು ತೆಗೀತು, ಚೆನ್ನಾಗಿರೋದು ಗೊತ್ತಿಲ್ಲದಿದ್ರೆ ತಾನೇ ಹುಟ್ಟಿಸ್ತು."

"ವಿಚ್ಛೇದನ ಅಂದ್ರೆ ಚೆನ್ನಾಗಿಲ್ಲ ಅಂತ ಅದಕ್ಕೆ ಹೇಳಿಕೊಟ್ಟವರು ಯಾರು?"

"ನಾವೇ. ನಾವು ಬರೆದಿದ್ದನ್ನ ಓದಿಯೇ ಅದು ಕಲಿತಿರೋದು. ಹೆಣ್ಣು ಅಂದ್ರೆ ಸೌಮ್ಯ, ಅಡುಗೆ, ಗೌರವ ಅಂತ ಇಷ್ಟು ವರ್ಷ ಬರ್ಕೊಂಡು ಬಂದವರು ನಾವು ತಾನೆ?"

ಸೀತಾಲಕ್ಷ್ಮಿಗೆ ಆ ಮಾತು ಚುಚ್ಚಿತು. ಕೂಡಲೇ ತಾವು ಈವರೆಗೆ ಕಳಿಸಿದ್ದ ಬೇರೆಯವರ ವಿವರಗಳನ್ನೂ ತೆಗೆದು ನೋಡತೊಡಗಿದರು. ವಿಲ್ಸನ್ ಗಾರ್ಡನ್ನಿನ ಹುಡುಗ ಕಿವಿಗೆ ಯಂತ್ರ ಹಾಕಿಕೊಳ್ಳುತ್ತೇನೆ ಅಂತ ಬರೆದಿದ್ದ, ಅದು ಮಾಯ. ಕೋಣನಕುಂಟೆಯ ಹುಡುಗಿ ಮದುವೆಯಾದ ಮೇಲೂ ಅಮ್ಮ ನನ್ನ ಜೊತೆಗೇ ಇರುತ್ತಾಳೆ ಅಂತ ಷರತ್ತು ಹಾಕಿದ್ದಳು, ಅದೂ ಮಾಯ. ಒಬ್ಬೊಬ್ಬರೂ ಎದೆ ಗಟ್ಟಿಮಾಡಿಕೊಂಡು ಹೇಳಿದ ಮಾತು ಯಾವುದೋ, ಅದೇ ಕಾಣೆಯಾಗಿತ್ತು. ಅವರ ಕಣ್ಣಲ್ಲಿ ನೀರು ಬಂತು. ದುಃಖಕ್ಕಿಂತ ಸಿಟ್ಟಿಗೇ ಬಂದ ನೀರು ಅದು.

"ಇನ್ನೊಂದಿದೆ, ಅದನ್ನೂ ಕೇಳಿಬಿಡು," ಅಂದರು ಹಂಸಾ. "ಇದನ್ನ ಹಾಕ್ಕೊಳ್ಳುವಾಗ ಒಂದು ಅನುಮತಿ ಕೇಳಿತ್ತು. ಏನಂತ ಇತ್ತು?"

"ಏನೋ ಇತ್ತು ಇಂಗ್ಲಿಷ್‌ನಲ್ಲಿ. ಎಲ್ಲರೂ ಒತ್ತೋ ಹಾಗೆ ಸರಿ ಅಂತ ಒತ್ತಿದೆ."

"ನೀನು ತೆರೆಯೋ ಎಲ್ಲಾ ವೆಬ್‌ಸೈಟಿನ ಮಾಹಿತಿ ಓದ್ತೀನಿ, ಬದಲಾಯಿಸ್ತೀನಿ ಅಂತ ಇತ್ತು. ಎಲ್ಲಾ ವೆಬ್‌ಸೈಟು ಅಂದ್ರೆ ನಿನ್ನ ಬ್ಯಾಂಕಿನ ಪುಟಾನೂ ಸೇರಿ. ನೀನು ಬ್ಯಾಂಕಲ್ಲಿದ್ದಾಗ ಕಾಗದ ಓದದೆ ಸಹಿ ಹಾಕಿದ್ಯಾ ಯಾವತ್ತಾದ್ರೂ?"

"ಹಾಕಿದ್ರೆ ಸಸ್ಪೆಂಡ್ ಮಾಡ್ತಿದ್ರು!"

"ಇಲ್ಲಿ ಕೇಳೋರಿಲ್ಲ ನೋಡು, ಅದಕ್ಕೇ ಹಾಕಿಬಿಟ್ಟೆ. ನೀನು ಗುಂಡಿ ಒತ್ತಿದಾಗ ಆ ಬರಹ ಆ ಕಂಪನಿಯ ಕಂಪ್ಯೂಟರ್‌ಗೆ ಹೋಗುತ್ತೆ. ಅಲ್ಲಿ ಇಟ್ಕೋತಾರೋ ಬಿಡ್ತಾರೋ, ಅವರ ನಿಯಮ ಓದದೆ ನಮಗೆ ಗೊತ್ತಾಗಲ್ಲ. ನಿನ್ನನ್ನ ನಂಬಿ ಫೋನ್ ನಂಬರ್ರು, ಜಾತಕ, ಸಂಬಳ ಎಲ್ಲಾ ಕೊಟ್ಟವರು ಅದಕ್ಕೆ ಒಪ್ಪಿದ್ರಾ?"

"ಹಾಗಾದ್ರೆ ಈ ದರಿದ್ರ ಬೇಡವೇ ಬೇಡ. ಕಿತ್ತು ಬಿಸಾಕು ಈಗಲೇ!"

"ಯಾಕೆ ಬಿಸಾಕ್ತೀಯ? ಬೆನ್ನುನೋವು ವಾಪಸ್ ಬೇಕಾ? ಹದ್ದುಬಸ್ತಲ್ಲಿ ಇಟ್ಕೋ." ಹಂಸಾ ಬ್ರೌಸರ್‌ನ ಮೇಲ್ಭಾಗದಲ್ಲಿದ್ದ ಒಗಟಿನ ತುಂಡಿನಂಥ ಚಿತ್ರ ಒತ್ತಿ, ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆದರು. "ಎಲ್ಲ ಸೈಟುಗಳಲ್ಲೂ" ಅಂತ ಇದ್ದ ಕಡೆ "ಒತ್ತಿದಾಗ ಮಾತ್ರ" ಅಂತ ಬದಲಾಯಿಸಿದರು. ಸೀತಾಲಕ್ಷ್ಮಿ ಎಂದೋ ಹಾಕಿಕೊಂಡು ಮರೆತಿದ್ದ ಬೇರೆ ಎಕ್ಸ್‌ಟೆನ್ಷನ್‌ಗಳನ್ನು ಅವರ ಕೈಯಿಂದಲೇ ತೆಗೆಸಿದರು. ಆಕರ್ಷಕ ಅನ್ನುವ ಆಜ್ಞೆ ಅಳಿಸಿ, "ಒಂದು ಮಾಹಿತಿಯನ್ನೂ ಬಿಡಬೇಡ, ಒಂದನ್ನೂ ಸೇರಿಸಬೇಡ" ಅಂತ ಬರೆಸಿದರು. "ಹೀಗೆ ಹೇಳಿದ್ರೂ ತಪ್ಪುತ್ತೆ ಕೆಲವು ಸಲ. ಓದೋದು ನಿನ್ನ ಕೆಲಸ," ಅಂದರು.

ಅಷ್ಟರಲ್ಲಿ ಫೋನ್ ಬಂತು. ಮಧುಮತಿ.

"ಮೇಡಂ, ಬೆಂಗಳೂರಾಗ ಇರೋ ನಮ್ಮ ಕಡಿ ಮಂದಿದು ಒಂದ್ ವಾಟ್ಸಾಪ್ ಗ್ರೂಪ್ ಐತ್ರಿ. ದುಂಡಪ್ಪ ಕಾಕಾ ಅದರಾಗ ನನ್ನ ಹೆಸರ ಹಾಕ್ಯಾರ. ಮದುವಿ ಮುಚ್ಚಿಟ್ಟು ಮೋಸ ಮಾಡಾಕ ನೋಡಿದ್ರು, ಹುಷಾರ್ ಅಂತ. ನನ್ನ ಆಫೀಸಿನವರೂ ಅದರಾಗ ಅದಾರ. ನಾಳೆ ನಾ ಹೆಂಗ ಮುಖಾ ತೋರಿಸ್ಲಿ?"

ಸೀತಾಲಕ್ಷ್ಮಿ ಹಂಸಾರನ್ನೂ ಕರೆದುಕೊಂಡು ಮತ್ತೆ ಬಿಟಿಎಂಗೆ ಹೊರಟರು. ಮನೆಯಲ್ಲಿ ಕುರ್ಚಿಗಳು ಹಾಗೇ ಇದ್ದವು. ಭಜಿ ಯಾರೂ ಮುಟ್ಟದೆ ತಣ್ಣಗಾಗಿತ್ತು. ನಡೆದದ್ದನ್ನು ಅವರು ಒಂದೂ ಬಿಡದೆ ಹೇಳಿದರು. ತಂಗೆವ್ವ ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು.

"ಅಕ್ಕಾರ, ಲಗ್ನಪತ್ರಿಕಾ ಬರದ ಮ್ಯಾಲ ಎರಡೂ ಕಡಿಯವರ ಮುಂದ ಗಟ್ಟ್ಯಾಗಿ ಓದ್ತಾರ. ಹೆಸರು ತಪ್ಪೈತೇನು, ತಿಥಿ ತಪ್ಪೈತೇನು ಅಂತ ಕೇಳಿ ಆಮ್ಯಾಲ ಕೈಗೆ ಕೊಡ್ತಾರ. ನಮ್ಮ ಹುಡುಗಿ ಬಾಳೇವು ಬರದ ಕಾಗದಾನ ಯಾರ ಮುಂದೂ ಓದಲಿಲ್ಲಲ್ರೀ ನೀವು?"

ಸೀತಾಲಕ್ಷ್ಮಿ ತಲೆ ಎತ್ತಲಿಲ್ಲ. "ಈಗ ಓದ್ತೀನಿ ತಂಗೆವ್ವ. ಆ ಗ್ರೂಪಿಗೆ ನಾನು ಬರೀತೀನಿ, ಕಳಿಸೋ ಮುಂಚೆ ನಿಮ್ಮ ಮುಂದೆ ಓದ್ತೀನಿ."

ನೇರಳೆ ಗುಂಡಿಯ ಸಹವಾಸಕ್ಕೆ ಹೋಗದೆ ಫೋನಿನಲ್ಲಿ ತಾವೇ ಒಂದೊಂದೇ ಅಕ್ಷರ ಕುಟ್ಟಿದರು. ಓದಿದರು. "ನಮ್ಮ ಕೇಂದ್ರದಲ್ಲಿ ಉಂಟಾದ ತಾಂತ್ರಿಕ ದೋಷದಿಂದಾಗಿ..."

"ನಿಲ್ಲಿಸ್ರಿ," ಅಂದಳು ಮಧುಮತಿ. "ತಾಂತ್ರಿಕ ದೋಷ ಅಂದ್ರ ಅದು ಯಾರ ಹೆಸರ್ರೀ? ಬೈಸ್ಕೊಳ್ಳಾಕ ನನ್ನ ಹೆಸರ ಬೇಕು, ತಪ್ಪಿಗೆ ಯಾರ ಹೆಸರೂ ಇಲ್ಲೇನು?"

ಸೀತಾಲಕ್ಷ್ಮಿಯ ಮುಖ ಕೆಂಪಾಯಿತು. ಬರೆದದ್ದೆಲ್ಲ ಅಳಿಸಿದರು. ಮತ್ತೆ ಕುಟ್ಟಿದರು, ಮತ್ತೆ ಓದಿದರು.

"ಮಧುಮತಿ ತನಗೆ ವಿಚ್ಛೇದನವಾಗಿದೆ ಎಂದು ಮೊದಲ ಸಾಲಿನಲ್ಲೇ ಬರೆದುಕೊಟ್ಟಿದ್ದಳು. ಅವಳ ಒಪ್ಪಿಗೆ ಪಡೆದು ಆ ಸಾಲನ್ನು ಇದ್ದ ಹಾಗೇ ಕೆಳಗೆ ಹಾಕಿದ್ದೇನೆ. ನಾನು ಅದನ್ನು ಎಐಗೆ ಕೊಟ್ಟೆ. ಅದು ಸಾಲು ತೆಗೆಯಿತು. ನಾನು ಓದದೆ ನನ್ನ ಹೆಸರು ಹಾಕಿ ಕಳಿಸಿದೆ. ಸುಳ್ಳು ಹೋದದ್ದು ನನ್ನಿಂದ. ಅವಳು ಯಾವುದನ್ನೂ ಮುಚ್ಚಿಟ್ಟಿಲ್ಲ. ಸೀತಾಲಕ್ಷ್ಮಿ, ಜಯನಗರ."

"ಇದು ಸರಿ ಐತಿ," ಅಂದಳು ಮಧುಮತಿ. "ಕಳಿಸ್ರಿ."

ಆ ಗ್ರೂಪಿನಲ್ಲಿ ಮಧುಮತಿಯೂ ಇದ್ದಳು. ಸೀತಾಲಕ್ಷ್ಮಿ ಬರೆದದ್ದನ್ನು ಅವಳೇ ಅಲ್ಲಿ ಹಾಕಿದಳು. ದುಂಡಪ್ಪನವರಿಗೆ ಸೀತಾಲಕ್ಷ್ಮಿ ತಾವೇ ಫೋನ್ ಮಾಡಿ, ಬೈಗುಳವೆಲ್ಲ ತಿಂದು, ಕೊನೆಗೆ ಖಡಾಖಂಡಿತವಾಗಿ ಹೇಳಿದರು. "ಬೈಯೋದಿದ್ರೆ ನನ್ನ ಬೈರಿ ಸಾರ್. ಆ ಹುಡುಗಿ ಹೆಸರು ಹಾಕಿರೋದನ್ನ ಈಗಲೇ ತೆಗೀರಿ." ಸ್ವಲ್ಪ ಹೊತ್ತಿಗೆ ದುಂಡಪ್ಪ ತಾವು ಬರೆದದ್ದನ್ನು ತೆಗೆದರು. ಕೆಳಗೆ "ತಪ್ಪು ತಿಳಕೊಂಡಿದ್ದೆ. ಹುಡುಗಿ ಖರೇನ ಬರದಿದ್ಲು" ಅಂತ ಗೊಣಗಿದ ಹಾಗೆ ಒಂದು ಸಾಲು ಹಾಕಿದರು.

ಸುಭಾಷ್ ಕೂಡ ಇನ್ನೊಮ್ಮೆ ಬಂದು ಮಾತಾಡಲೇ ಅಂತ ಕೇಳಿ ಕಳಿಸಿದ. ತಂಗೆವ್ವನ ಮುಖ ಅರಳಿತು. ಮಧುಮತಿ ಮಾತ್ರ, "ಮಾಮಾ ಅಷ್ಟು ಬೈಯುವಾಗ ಕುಂದರ್ರಿ ಅಂದು ತಲಿ ತಗ್ಗಿಸಿ ಹೋದಾವ. ನನಗ ಬ್ಯಾಡವ್ವ," ಅಂದು ತಣ್ಣಗಿನ ಭಜಿ ಬಿಸಿಮಾಡಲು ಒಳಗೆ ಹೋದಳು.

ತಪ್ಪಾಗಿ ಹೋಗಿದ್ದ ಉಳಿದವರ ವಿವರಗಳನ್ನೂ ಸೀತಾಲಕ್ಷ್ಮಿ ತಿದ್ದಿ ಮತ್ತೆ ಕಳಿಸಿದರು. ಕೇಂದ್ರ ಈಗಲೂ ನಡೆಯುತ್ತಿದೆ. ಎಐ ಕೂಡ ಇದೆ. ಭಾಷಾಂತರಕ್ಕೆ, ಉದ್ದದ ಇಮೇಲ್‌ಗಳ ಸಾರಾಂಶಕ್ಕೆ, ವಾಕ್ಯ ತಿದ್ದಲಿಕ್ಕೆ ಸೀತಾಲಕ್ಷ್ಮಿ ಅದನ್ನು ಬಳಸುತ್ತಾರೆ, ಹೆಸರು ಮತ್ತು ನಂಬರ್ ತೆಗೆದಿಟ್ಟು. ಆದರೆ ಯಾರ ವಿವರವೇ ಆಗಲಿ, ಕಳಿಸುವ ಮೊದಲು ಅವರಿಗೇ ಫೋನ್ ಮಾಡಿ ಪೂರ್ತಿ ಓದಿ ಹೇಳುತ್ತಾರೆ. "ಸರಿ ಇದೆ, ಕಳಿಸಿ" ಅನ್ನಿಸಿಕೊಂಡ ಮೇಲೆಯೇ ಹೊರಗೆ ಹೋಗುವುದು. ಇದರಿಂದ ಕೆಲಸ ಸ್ವಲ್ಪ ನಿಧಾನವಾಗಿದೆ. ಆಗಲಿ ಬಿಡಿ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನೀವು ಸಂಘದ ಕಾರ್ಯದರ್ಶಿ ಇರಬಹುದು, ಶಾಲೆಯ ಟೀಚರ್ ಇರಬಹುದು, ಆಫೀಸಿನಲ್ಲಿ ದಿನವಿಡೀ ಇಮೇಲ್ ಬರೆಯುವವರಿರಬಹುದು. ಎಐ ಎಕ್ಸ್‌ಟೆನ್ಷನ್ ಬಳಸಿ, ಯಾರೂ ಬೇಡ ಅನ್ನುವುದಿಲ್ಲ. ಹಾಕಿಕೊಳ್ಳುವ ಮೊದಲು ಅದನ್ನು ಮಾಡಿದವರು ಯಾರು, ಏನೇನು ಓದಲು ಅನುಮತಿ ಕೇಳುತ್ತಿದೆ ಅಂತ ನೋಡಿ. ಒತ್ತಿದಾಗ ಮಾತ್ರ ಕೆಲಸ ಮಾಡುವಂತೆ ಇಟ್ಟುಕೊಳ್ಳಿ. ಬ್ಯಾಂಕಿನ ಪುಟಕ್ಕೆ ಅದನ್ನು ಬಿಡಬೇಡಿ, ನಿಮ್ಮನ್ನು ನಂಬಿದವರ ನಂಬರು, ಜಾತಕ, ಆಸ್ಪತ್ರೆಯ ವಿಷಯ ಅದರ ಬಾಯಿಗೆ ಹಾಕಬೇಡಿ. ಬೇಡವಾದದ್ದನ್ನು ಇವತ್ತೇ ತೆಗೆದುಹಾಕಿ. ಮತ್ತೆ, ದಯವಿಟ್ಟು, ಅದು ಬರೆದುಕೊಟ್ಟಿದ್ದನ್ನು ಮೂಲದ ಪಕ್ಕ ಇಟ್ಟು ಓದಿ. ಇನ್ನೊಬ್ಬರ ಬದುಕಿನ ಮಾತಾದರೆ ಅವರ ಮುಂದೆಯೇ ಗಟ್ಟಿಯಾಗಿ ಓದಿ. ಅಷ್ಟಕ್ಕೂ ಪುರುಸೊತ್ತು ಇಲ್ಲ ಅನ್ನುತ್ತೀರಾ? ಹಾಗಾದರೆ ಕೆಳಗೆ ನಿಮ್ಮ ಹೆಸರು ಹಾಕಬೇಡಿ.